ಹಳ್ಳದಲ್ಲಿ ಹೂಡಿದ ಬಿಡಾರ

“ನೀವೆಲ್ಲ ಕುರಿ ಕಾಯ್ದೋರು. ಹಳ್ಳದಲ್ಲಿ ಬಿಡಾರ ಹೂಡಬಾರ್ದು ಅಂತ ನಾನು ಹೇಳಿಕೊಡ್ಬೇಕಾ ನಿಮಗೆ?” ಎಂದ ಚೋಗ್‌ಸೋಮ್.

ಯಾಂಜ್ಮಾ ಕೈಯಲ್ಲಿದ್ದ ತಗಡಿನ ಚೂರನ್ನು ಹಿಡಿದುಕೊಂಡೇ ತಿರುಗಿದಳು. ಬಿಡಾರದ ಮೈಗೆ ಸುತ್ತುವ ದಪ್ಪ ಉಣ್ಣೆಹೊದಿಕೆಯನ್ನು ಹಲಗೆ ಬೇಲಿಯ ಮೇಲೆ ಹರವಿಕೊಂಡು ಬೆಳಿಗ್ಗೆಯಿಂದ ಅದರ ಕೆಸರು ಕೆರೆಯುತ್ತಿದ್ದಳು. ಬರೀ ಕೆಸರಾಗಿದ್ದರೆ ಒಣಗಿದ ಮೇಲೆ ಕೊಡವಿದರೆ ಉದುರಿಹೋಗುತ್ತಿತ್ತು. ಉಲಾನ್‌ಬಾತರಿನ ಅಂಚಿನ ನಮ್ಮ ಗುಡ್ಡದಲ್ಲಿ ಎಲ್ಲರದೂ ಗುಂಡಿ ಕಕ್ಕಸು. ನೆರೆ ಬಂದಾಗ ಎಲ್ಲಕ್ಕಿಂತ ಮೊದಲು ಉಕ್ಕಿ ಓಣಿಗಿಳಿದದ್ದು ಅವೇ. ಉಣ್ಣೆಗೆ ಆ ನಾತ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ.

ಚೋಗ್‌ಸೋಮ್ ವಾರ್ಡ್ ಕಚೇರಿಯ ಅಧಿಕಾರಿ. ಚಿಕ್ಕ ವಯಸ್ಸು, ಒಳ್ಳೆಯ ಬೂಟು. ಬೂಟು ಹಾಳಾಗಬಾರದೆಂದು ಎರಡೂ ಕಾಲಿಗೆ ಅಂಗಡಿಯ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಂದಿದ್ದ. ನೆರೆ ಇಳಿದು ವಾರವಾದ ಮೇಲೆ ನಮ್ಮನ್ನು ನೋಡಲು ಕಚೇರಿಯಿಂದ ಬಂದ ಮೊದಲ ಮನುಷ್ಯ ಇವನು. ಬಂದವನು ಆಡಿದ ಮೊದಲ ಮಾತು ಇದು.

“ಇಲ್ಲಿ ಹಳ್ಳ ಎಲ್ಲೈತಪ್ಪ?” ಎಂದಳು ಯಾಂಜ್ಮಾ. “ಇದು ಗುಡ್ಡದ ಬೆನ್ನು. ಕಣ್ ಬಿಟ್ಟು ನೋಡು.”

“ಹಳ್ಳ ಅಲ್ದಿದ್ರೆ ನೀರು ಯಾಕೆ ಬಂತು?”

“ನೀವು ತಿರುಗಿಸಿದ್ರಿ, ಬಂತು. ಆ ಗೋಡೆ ಕಟ್ಟೋಕೆ ಮುಂಚೆ ಇಲ್ಲಿ ಒಂದು ತಂಬಿಗೆ ನೀರು ಹರಿದಿದ್ರೆ ತೋರಿಸು ನೋಡಾನ.”

ನಮ್ಮ ಓಣಿಯ ಎಡಕ್ಕೆ, ಗುಡ್ಡದಿಂದ ಚಾಚಿದ ಎರಡು ಬೆನ್ನುಗಳ, ಎಂದರೆ ಏಣುಗಳ, ನಡುವೆ, ಒಂದು ಒಣಹಳ್ಳವಿತ್ತು. ವರ್ಷದಲ್ಲಿ ನಾಲ್ಕು ದಿನ ನೀರು, ಉಳಿದ ದಿನ ಕಲ್ಲು, ನಾಯಿ, ಒಡೆದ ಬಾಟಲಿ. ಎರಡು ವರ್ಷದ ಹಿಂದೆ ಅದಕ್ಕೆ ಮಣ್ಣು ತುಂಬಿ ಮಟ್ಟಮಾಡಿದರು. ಅದರ ಮೇಲೆ ಎತ್ತರೆತ್ತರದ ಕಟ್ಟಡಗಳೆದ್ದವು. ನೆಲದಡಿ ಕಾರು ನಿಲ್ಲಿಸುವ ಜಾಗ, ನೆಲದ ಮೇಲೆ ಹುಲ್ಲುಹಾಸು, ಮಕ್ಕಳಿಗೊಂದು ಜಾರುಬಂಡಿ. ಹೆಸರು ‘ಹಸಿರು ಕಣಿವೆ’. ಕಣಿವೆ ಎಂದು ಹೆಸರಿಟ್ಟವರಿಗೆ ಕಣಿವೆಯಲ್ಲಿ ನೀರು ಹರಿಯುತ್ತದೆ ಎಂಬುದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಅದಕ್ಕೇ ಮೇಲೆ, ಹಳ್ಳದ ಕೊರಳಿಗೆ ಅಡ್ಡವಾಗಿ, ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಅಲ್ಲಿ ತಡೆದ ನೀರಿಗೆ ಇಳಿಯಲು ಉಳಿದದ್ದು ನಮ್ಮ ಓಣಿಯೊಂದೇ. ಕಟ್ಟುವಾಗಲೇ ನಾವು ಗುಂಪಾಗಿ ಹೋಗಿ ಹೇಳಿದೆವು. “ಇಂಜಿನಿಯರ್ ನೋಡಿದ್ದಾರೆ” ಎಂದರು. ಆ ಇಂಜಿನಿಯರ್ ಕಣ್ಣಿಗೆ ನಾವು ಬೀಳಲಿಲ್ಲವೇನೋ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಆ ಎಮ್ಮೆ ನಾವು.

ಬರೆಯೂ ಎಂಥದು! ಓಣಿಯ ಕೊನೆಯ ಬೇಲಿಯೊಳಗೆ ಬಿಡಾರವಿದ್ದ ಸೋದ್ನೋಮ್, ಕುಂಟುಗಾಲಿನವನು, ಬೂಟು ರಿಪೇರಿ ಮಾಡಿಕೊಂಡಿದ್ದವನು, ನೀರು ಬಂದಾಗ ಹೊರಗೆ ಬಂದುಬಿಟ್ಟಿದ್ದ. ನಾಯಿಯ ಸರಪಳಿ ಬಿಚ್ಚಲೆಂದು ಮತ್ತೆ ಒಳಗೆ ಹೋದ. ಅವನೂ ನಾಯಿಯೂ ಮಾರನೆಯ ದಿನ ಕೆಳರಸ್ತೆಯ ಮೋರಿಯಲ್ಲಿ ಸಿಕ್ಕರು.

“ಯಾರು ಹಳ್ಳದಲ್ಲಿ ಹೂಡಿದ್ದು?”

ಕೇಳಿದ್ದು ಡೋಲ್ಗೋರ್ ಅಜ್ಜಿ, ಯಾಂಜ್ಮಾಳ ಅತ್ತೆ. ಉಣ್ಣೆಯೆಲ್ಲ ಕಳಚಿ ಒಣಹಾಕಿದ್ದರಿಂದ ಬಿಡಾರದ ಕೋಲುಜಾಲರಿಗೆ ಬರೀ ಬಿಳಿ ಬಟ್ಟೆ ಸುತ್ತಿದ್ದರು. ಒಳಗಿದ್ದವಳಿಗೆ ಎಲ್ಲ ಮಾತೂ ಕೇಳಿಸಿತ್ತು. ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದಳು. ಎಂಬತ್ತರ ಹತ್ತಿರದ ಜೀವ, ಮೊಣಕಾಲು ಎರಡೂ ಕೈಕೊಟ್ಟಿವೆ, ಬೆನ್ನು ಮಾತ್ರ ನೆಟ್ಟಗೆ.

“ನೀವೇ ಅಲ್ವಾ ಅಜ್ಜಿ ಈ ಓಣಿಗೆ ಮೊದಲು ಬಂದೋರು?” ಎಂದ ಚೋಗ್‌ಸೋಮ್. ಮುದುಕಿಯನ್ನು ಕಂಡು ದನಿ ಮೆತ್ತಗಾಯಿತು. “ಬಿಡಿ, ವಯಸ್ಸಾದ ಮೇಲೆ ತಪ್ಪಾಗುತ್ತೆ. ಈಗ ಮಂಗಳವಾರದೊಳಗೆ ಖಾಲಿ ಮಾಡಿದ್ರೆ ಸಾಕು. ಕಸದ ಗುಡ್ಡದ ಆಚೆ ಜಾಗ ಕೊಡ್ತೀವಿ.”

ಹೋಗುವಾಗ ಓಣಿಯ ಬಾಯಲ್ಲಿ ‘ನೆರೆ ಅಪಾಯ ವಲಯ’ ಎಂಬ ಹಲಗೆ ಹೊಡೆಸಿ ಹೋದ. ಸೋದ್ನೋಮ್ ಸತ್ತು ವಾರವಾದ ಮೇಲೆ! ಚೋಗ್‌ಸೋಮ್ ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಆ ಮೆತ್ತಗಿನ ದನಿಯೇ ಮುದುಕಿಯನ್ನು ಒಳಗೊಳಗೇ ಕೊಂದಿತು.

ಅದು ಹೇಗೆ ಎಂದು ತಿಳಿಯಬೇಕಾದರೆ ಡೋಲ್ಗೋರ್ ಯಾರು ಎಂದು ತಿಳಿದಿರಬೇಕು. ಕುರಿಯಿದ್ದ ಕಾಲದಲ್ಲಿ ಋತುವಿಗೊಂದು ಜಾಗಕ್ಕೆ ಬಿಡಾರ ಹೋಗುತ್ತಿತ್ತು. ಎಲ್ಲಿ ಹೂಡಬೇಕು ಎಂದು ಹೇಳುವವಳು ಅವಳೇ. ಗಂಡ ಗಾಡಿ ನಿಲ್ಲಿಸಿ ಹೊಗೆಬತ್ತಿ ಹಚ್ಚಿಕೊಂಡು ಕೂರುತ್ತಿದ್ದ. ಇವಳು ಸುತ್ತಲೂ ನಡೆದು, ಹುಲ್ಲು ಕಿತ್ತು ನೋಡಿ, ನೆಲಕ್ಕೆ ಮೈಚಾಚಿ ಒಂದಿಷ್ಟು ಹೊತ್ತು ಮಲಗಿ, ಕೊನೆಗೆ ನಾಯಿ ಎಲ್ಲಿ ಮಲಗುತ್ತದೆಂದು ನೋಡಿ “ಇಲ್ಲಿ ಒಲೆ” ಎನ್ನುತ್ತಿದ್ದಳು. ದೂರದ ಬಿಡಾರದವರೂ ಕುದುರೆ ಹತ್ತಿ ಬಂದು ಅವಳನ್ನು ಕೇಳಿ ಹೋಗುತ್ತಿದ್ದರು. ಆಮೇಲೆ ಆ ಕೆಟ್ಟ ಚಳಿಗಾಲ ಬಂತು. ಹಿಮ ಗಟ್ಟಿಯಾಗಿ ಹುಲ್ಲು ಸಿಗದೆ ಕುರಿಗಳು ನಿಂತಲ್ಲೇ ಮರಗಟ್ಟಿದವು. ಉಳಿದದ್ದು ಬಿಡಾರ, ಒಂದು ಮುದಿ ನಾಯಿ, ಮಗ, ಸೊಸೆ. ಉಲಾನ್‌ಬಾತರಿಗೆ ಬಂದರು. ಮಗನನ್ನು ಕಲ್ಲಿದ್ದಲ ಲಾರಿ ತಿಂದಿತು. ಇಲ್ಲಿಗೆ ಬಂದ ದಿನವೂ ಮುದುಕಿ ಇಡೀ ಗುಡ್ಡ ಸುತ್ತಿ, ಅಗ್ಗದಲ್ಲಿ ಸಿಗುತ್ತಿದ್ದ ಹಳ್ಳದ ಬದಿಯನ್ನು ಬೇಡವೆಂದು, ಈ ಏಣಿನ ಮೇಲೆ ಹೂಡಿದ್ದಳು. ಆಮೇಲೆ ಬಂದ ನಾವೆಲ್ಲ ಅವಳನ್ನು ಕೇಳಿ ಅವಳ ಮಗ್ಗುಲಲ್ಲೇ ಹೂಡಿದೆವು.

ಸೋದ್ನೋಮನೂ ಕೇಳಿದ್ದ.

ಚೋಗ್‌ಸೋಮ್ ಹೋದ ಮೇಲೆ ಅಜ್ಜಿ ಬಿಡಾರದ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಚಹಾ ಕೊಟ್ಟರೆ ಬಟ್ಟಲು ಹಾಗೇ ಆರುತ್ತಿತ್ತು.

“ಯಾಂಜ್ಮಾ, ಆವತ್ತು ನಾಯಿ ಎಲ್ಲಿ ಮಲಗಿತ್ತೇ?”

“ಇಲ್ಲೇ ಅತ್ತೆ. ಒಲೆ ಇರೋ ಜಾಗದಲ್ಲೇ.”

“ನಾಯಿಗೂ ವಯಸ್ಸಾಗಿತ್ತು.”

“ಅಯ್ಯೋ, ಅವನು ಬಾಯಿಗೆ ಬಂದಂಗೆ ಅಂದ್ರೆ ನೀವು ನಂಬ್ತೀರಾ? ಹಳ್ಳ ಆಕಡೆ ಐತೆ. ಗೋಡೆ ಕಟ್ಟಿ ನಮ್ ಕಡೆ ತಿರುಗಿಸವ್ರೆ.”

“ಗೋಡೆ ನಾನು ಕಂಡಿಲ್ಲ. ನೀರು ಕಂಡೆ.” ಕಂಬಳಿಯನ್ನು ಕತ್ತಿನ ತನಕ ಎಳೆದುಕೊಂಡಳು. “ಸೋದ್ನೋಮ ಬಂದು ‘ಎಲ್ಲಿ ಹೂಡ್ಲಿ ಚಿಕ್ಕಮ್ಮ’ ಅಂದ. ನಾನೇ ಬೆರಳು ತೋರ್ಸಿದ್ದು. ಆ ಕುಂಟನ್ನ ಕೊಂದೋಳು ನಾನು.”

ಮೊಣಕಾಲು ಬಿದ್ದ ಮೇಲೆ ಅಜ್ಜಿ ಓಣಿಯಿಂದ ಕೆಳಗಿಳಿದವಳಲ್ಲ. ಹಸಿರು ಕಣಿವೆಯ ಕಟ್ಟಡಗಳ ತಲೆಯನ್ನಷ್ಟೇ ಬೇಲಿಯ ಮೇಲಿಂದ ಕಂಡಿದ್ದಳು. ಬುಡ ಎಲ್ಲಿದೆ ಎಂದು ನೋಡಿರಲಿಲ್ಲ. ಕಣ್ಣಲ್ಲಿ ಕಾಣದ್ದನ್ನು ಯಾರು ಹೇಳಿದರೂ ನಂಬುವ ಪೈಕಿಯೂ ಅಲ್ಲ.

ಯಾಂಜ್ಮಾ ವಾರ್ಡ್ ಕಚೇರಿಗೆ ಹೋದಳು. ಬಿಡಾರದ ಹೊದಿಕೆ ಹೊಲಿಯುವ ಕಾರ್ಖಾನೆಯಲ್ಲಿ ಅರ್ಧ ದಿನ ರಜೆ ಕೇಳಿ ಹೋಗಿದ್ದಳು. ಚೋಗ್‌ಸೋಮ್ ಊಟ ಮಾಡುತ್ತಿದ್ದ.

“ನಂಗೆ ನಿಮ್ ಜಾಗಾನೂ ಬೇಡ, ಏನೂ ಬೇಡ,” ಎಂದಳು. “ಬಂದು ನಮ್ಮತ್ತೆ ಹತ್ರ ಒಂದೇ ಒಂದು ಮಾತು ಹೇಳು. ತಪ್ಪು ನಿಂದಲ್ಲ ಅಜ್ಜಿ ಅಂತ. ಅಷ್ಟು ಸಾಕು. ಆ ಜೀವ ಅನ್ನ ನೀರು ಬಿಟ್ಟೈತೆ.”

“ಅಕ್ಕಾ, ಹಾಗೆ ಹೇಳೋಕೆ ನನಗೆ ಅಧಿಕಾರ ಇಲ್ಲ.”

“ತಪ್ಪು ನಿಂದು ಅನ್ನೋಕೆ ಇತ್ತಾ?”

ಅವನು ಚಮಚ ಕೆಳಗಿಟ್ಟು ಕಿಟಕಿ ನೋಡಿದ. ಯಾಂಜ್ಮಾ ಬಾಗಿಲು ಧಡಾರನೆ ಹಾಕಿಕೊಂಡು ಬಂದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಊಟದ ಡಬ್ಬಿ ಅವನ ತಲೆಯ ಮೇಲಿರುತ್ತಿತ್ತು.

ಬಂದವಳು ಪಕ್ಕದ ಬೇಲಿಯ ಗೊಂಬೋನನ್ನು ಕರೆದಳು. ಅವನದೊಂದು ಪುಟ್ಟ ಲಾರಿ. ಸಾಮಾನು ಸಾಗಿಸಿ ಹೊಟ್ಟೆ ಹೊರೆಯುತ್ತಾನೆ. “ಹೋಗ್ಬುಡ್ತೀವಿ ಕಣೋ. ಈ ಜಾಗ ಕಣ್ಮುಂದೆ ಇರೋವರ್ಗೂ ಅತ್ತೆ ಬದುಕಲ್ಲ.”

“ಕಸದ ಗುಡ್ಡಕ್ಕಾ? ಅಲ್ಲಿ ಕಾಗೇನೂ ಮೂಗು ಮುಚ್ಕೊಂಡು ಹಾರ್ತದೆ,” ಎಂದ ಗೊಂಬೋ. ಅವನಿಗೆ ಸಾವಿನ ಮನೆಯಲ್ಲೂ ತಮಾಷೆ ಬೇಕು. ಆಮೇಲೆ ಅವಳ ಮುಖ ನೋಡಿ, “ಮಂಗಳವಾರ ಯಾರಾದ್ರೂ ಬಿಡಾರ ಕೀಳ್ತಾರಾ? ಆ ನನ್ಮಗಂಗೆ ಅಷ್ಟೂ ಗೊತ್ತಿಲ್ಲ. ಸೋಮವಾರವೇ ಗಂಟು ಕಟ್ಟಾನ,” ಎಂದ.

ಸೋಮವಾರ ಮಧ್ಯಾಹ್ನ ಲಾರಿ ಇಳಿಯಿತು. ಹಿಂದೆ ಮಡಚಿದ ಜಾಲರಿ, ಕೋಲುಗಳ ಕಟ್ಟು, ಉಣ್ಣೆ, ಒಲೆ, ಕಿತ್ತಳೆ ಬಣ್ಣದ ಪೆಟ್ಟಿಗೆ. ಓಣಿಯ ನಾಲ್ಕೈದು ಗಂಡಸರು ಅಲ್ಲಿ ಹೂಡಿಕೊಡಲೆಂದು ಸಾಮಾನಿನ ಮೇಲೆ ಕೂತಿದ್ದರು. ಮುಂದೆ ಗೊಂಬೋನ ಪಕ್ಕ ಯಾಂಜ್ಮಾ, ಕಿಟಕಿಗೆ ಅಜ್ಜಿ. ಹಸಿರು ಕಣಿವೆಯ ಗೇಟಿನ ಮುಂದೆ ದಾರಿ ಕಟ್ಟಿತ್ತು. ಹುಲ್ಲಿನ ಸುರುಳಿ ತುಂಬಿದ ಲಾರಿಯೊಂದು ಗೇಟಿನೊಳಕ್ಕೆ ಹಿಂದೆ ಹಿಂದೆ ಹೋಗುತ್ತಿತ್ತು. ಎರಡೂ ರೆಕ್ಕೆ ತೆರೆದಿದ್ದ ಗೇಟು ಕಂಡಿತು, ಅದರಾಚೆ ಹುಲ್ಲುಹಾಸು, ಅದರಾಚೆ ಗುಡ್ಡ.

ಕಣ್ಣು ಮುಚ್ಚಿ ಕೂತಿದ್ದ ಅಜ್ಜಿ ಕಣ್ಣು ಬಿಟ್ಟಳು. ತುಂಬ ಹೊತ್ತು ನೋಡಿದಳು.

“ಇಳಿಸ್ರೋ ನನ್ನ.”

ಯಾಂಜ್ಮಾ ಇಳಿಸಿ ಕಂಕುಳಿಗೆ ಕೈಕೊಟ್ಟು ನಡೆಸಿದಳು. ಗೇಟಿನ ಕಾವಲುಗಾರ ತುಮೆನ್ ಅಡ್ಡ ಬಂದ. ಉದ್ದನೆಯ ಆಳು. ಅವನ ಬಿಡಾರವೂ ನಮ್ಮದರಾಚೆಯ ಗುಡ್ಡದಲ್ಲೇ ಇದೆ.

“ಎಲ್ಲಿಗೆ ಅಜ್ಜಿ? ಒಳಗೆ ಬಿಡಂಗಿಲ್ಲ.”

“ಒಂದಕ್ಕೆ ಕಣಪ್ಪ. ಇಲ್ಲೇ ಕೂರ್ಲಾ?”

ತುಮೆನ್ ಗಾಬರಿಯಾಗಿ ದಾರಿ ಬಿಟ್ಟ.

ಅಜ್ಜಿ ಹುಲ್ಲುಹಾಸಿನ ನಟ್ಟನಡುವೆ, ಜಾರುಬಂಡಿಯ ಹತ್ತಿರ ಹೋಗಿ ನಿಂತಳು. ಎಡಕ್ಕೆ ನೋಡಿದಳು, ಒಂದು ಏಣು. ಬಲಕ್ಕೆ ನೋಡಿದಳು, ನಮ್ಮ ಏಣು, ಬೇಲಿಗಳು. ತಲೆಯೆತ್ತಿ ನೋಡಿದಳು, ಎರಡೂ ಏಣು ಕೂಡುವ ಕೊರಳಲ್ಲಿ ಬೂದು ಬಣ್ಣದ ಗೋಡೆ. ಆಮೇಲೆ ಮೆಲ್ಲಗೆ ಮೊಣಕಾಲೂರಿ, ಹುಲ್ಲಿನ ಮೇಲೆ ಮಗ್ಗುಲಾಗಿ ಮಲಗಿ, ಅಂಗೈಯನ್ನು ನೆಲಕ್ಕೆ ಒತ್ತಿದಳು. ಉಯ್ಯಾಲೆಯಲ್ಲಿ ಕೂತಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ದೂರ ಸರಿದರು.

ಅಜ್ಜಿ ನಗತೊಡಗಿದಳು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ದನಿ ಬಂತು. ಯಾಂಜ್ಮಾಳಿಗೆ ಹೆದರಿಕೆಯಾಯಿತು.

“ಇದೇ ಕಣೇ ಹಳ್ಳ! ಆವತ್ತು ನಾನು ಬೇಡ ಅಂದ ಹಳ್ಳ ಇದೇ. ನಾಯೀನೂ ಮೂಸಿ ನೋಡಿ ವಾಪಸ್ ಬಂದಿತ್ತು.” ಕಣ್ಣೊರೆಸಿಕೊಂಡು ಎದ್ದು ಕೂತಳು. ನಗು ಹೋಗಿ ಮುಖ ಕೆಂಪಾಗಿತ್ತು. “ಹಳ್ಳದೊಳಗೆ ಅವರು ಕೂತ್ಕೊಂಡು, ಹಳ್ಳದಲ್ಲಿ ಕೂತೋಳು ನೀನು ಅಂದ್ರಲ್ಲೇ ನನ್ನ! ಸೋದ್ನೋಮನ್ನ ನನ್ ತಲೆಗೆ ಕಟ್ಟಿದ್ರಲ್ಲೇ!”

“ನಡೀರಿ ಅತ್ತೆ, ಲಾರಿ ಕಾಯ್ತಾ ಐತೆ.”

“ಎಲ್ಲಿಗೂ ಬರಲ್ಲ. ಗೊಂಬೋ! ಸಾಮಾನು ಇಳಿಸು. ಹಳ್ಳದಲ್ಲಿ ಹೂಡಿದೆ ಅಂದ್ರಲ್ಲ, ಹೂಡೇ ತೋರಿಸ್ತೀನಿ. ಒಲೆ ಇಲ್ಲಿ. ಬಾಗಿಲು ದಕ್ಷಿಣಕ್ಕೆ.”

ಯಾಂಜ್ಮಾ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಇಷ್ಟು ದಿನದ ಮೇಲೆ ಆ ಮುಖಕ್ಕೆ ಜೀವ ಬಂದಿತ್ತು. ಅವಳೇ ಗೇಟಿನತ್ತ ತಿರುಗಿ, “ಇಳಿಸ್ರೋ!” ಎಂದು ಕೂಗಿದಳು.

ಬಿಡಾರ ಹೂಡುವುದನ್ನು ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ. ದಾರಿಹೋಕನೂ ನಿಂತು ಒಂದು ಹಗ್ಗ ಎಳೆದೇ ಹೋಗಬೇಕು. ಜಾಲರಿ ಬಿಚ್ಚಿ ದುಂಡಗೆ ನಿಲ್ಲಿಸುವ ತನಕ ತುಮೆನ್ “ಬೇಡ್ರೋ, ನನ್ ಕೆಲ್ಸ ಹೋಗ್ತದ್ರೋ” ಎಂದು ಸುತ್ತಲೂ ಓಡಾಡುತ್ತಿದ್ದ. ಬಿಡಾರದ ನೆತ್ತಿಗೆ ಕೂರುವ ದೊಡ್ಡ ಮರದ ಬಳೆಯನ್ನು ಕಂಬದ ಮೇಲೆ ಎತ್ತಿ ಹಿಡಿಯಲು ಉದ್ದನೆಯ ಆಳು ಬೇಕು. ಗೊಂಬೋ ಗಿಡ್ಡ. ಬಳೆ ಓಲಾಡಿತು. ತುಮೆನ್‌ಗೆ ನೋಡಲಾಗಲಿಲ್ಲ. “ಹಂಗಲ್ಲ ಕಣಯ್ಯಾ!” ಎಂದು ಒಳಗೆ ನುಗ್ಗಿ ತಾನೇ ಹಿಡಿದ. ಹಿಡಿದ ಮೇಲೆ ಗೊತ್ತಲ್ಲ, ಸುತ್ತಲೂ ಕೋಲು ಸಿಕ್ಕಿಸಿ ಮುಗಿಯುವವರೆಗೆ ಕೈ ಬಿಡುವಂತಿಲ್ಲ.

ಅಷ್ಟರಲ್ಲಿ ಹಸಿರು ಕಣಿವೆಯ ಮ್ಯಾನೇಜರಮ್ಮ ಬಂದಳು. ಎತ್ತರದ ಹಿಮ್ಮಡಿಯ ಚಪ್ಪಲಿ ಹುಲ್ಲಿನಲ್ಲಿ ಹೂತು ಹೂತು ಬರುತ್ತಿತ್ತು.

“ತುಮೆನ್! ಏನ್ ನಡೀತಿದೆ ಇಲ್ಲಿ? ಬಿಡು ಅದನ್ನ! ಬಾ ಆಚೆ!”

“ಬಿಟ್ರೆ ಎಲ್ರ ತಲೆ ಮೇಲೂ ಬೀಳ್ತದೆ ಮೇಡಂ,” ಎಂದ ತುಮೆನ್, ಎರಡೂ ಕೈ ಮೇಲೆ ಮಾಡಿಕೊಂಡು. ಗೊಂಬೋ ಬೇಕೆಂದೇ ಒಂದೊಂದೇ ಕೋಲನ್ನು ಬಲು ನಿಧಾನವಾಗಿ ಸಿಕ್ಕಿಸುತ್ತಿದ್ದ.

“ಇದು ಖಾಸಗಿ ಜಾಗ. ಈಗಿಂದೀಗ್ಲೇ ಕಿತ್ಕೊಂಡು ಹೋಗ್ಬೇಕು ನೀವು.”

“ಹೊಸ ನೆರೆಹೊರೆ ಬಂದೈತೆ ಮಗಳೇ,” ಎಂದಳು ಅಜ್ಜಿ, ಪೆಟ್ಟಿಗೆಯ ಮೇಲೆ ಕೂತು. “ಒಲೆ ಹಚ್ಚೋ ತನಕ ಚಹಾ ತಂದ್ಕೊಡೋದು ಪಕ್ಕದ ಮನೆಯೋರ ಧರ್ಮ. ನೀನು ಮಾತಾಡೋ ಬದ್ಲು ಕೆಟ್ಲು ಇಡು ಹೋಗು.”

ಮ್ಯಾನೇಜರಮ್ಮ ಹಲ್ಲು ಕಚ್ಚಿಕೊಂಡು ಫೋನ್ ತೆಗೆದು ದೂರ ಹೋದಳು.

ಹೊದಿಕೆ ಸುತ್ತಿ ಹಗ್ಗ ಬಿಗಿದದ್ದಾಯಿತು. ಒಲೆ ಕೂರಿಸಿ ಹೊಗೆಕೊಳವೆ ಏರಿಸಿದ್ದಾಯಿತು. ಯಾಂಜ್ಮಾ ಬೆಂಕಿಪೊಟ್ಟಣ ತೆಗೆದರೆ ಅಜ್ಜಿ ತಡೆದಳು. ಚಹಾ ಬರಲಿ, ಆಮೇಲೆ. ಖಾಲಿ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ತೆರೆದ ಬಾಗಿಲ ಎದುರು ಕೂತಳು. ಎದುರಿನ ಕಿಟಕಿಗಳಲ್ಲಿ ಮುಖಗಳು ಕಂಡವು, ಪರದೆಗಳು ಸರಿದವು, ಫೋನುಗಳು ಚಿತ್ರ ತೆಗೆದವು. ಅಷ್ಟು ಮನೆ. ಅಷ್ಟು ಮನೆಯಲ್ಲೂ ಒಲೆಯಿದೆ, ಹಾಲಿದೆ, ಉಪ್ಪಿದೆ. ಅವರ ಅಜ್ಜಿಯರೂ ಬಿಡಾರದಲ್ಲಿ ಹುಟ್ಟಿದವರೇ. ಹೊಸದಾಗಿ ಬಂದವರಿಗೆ ಕುದುರೆಯ ಮೇಲೆ ಚಹಾ ಹೊತ್ತು ಹೋಗುತ್ತಿದ್ದ ಜನ ನಾವು. ಲಿಫ್ಟಿನಲ್ಲಿ ಇಳಿದು ಬರಲು ಇವರಿಗೆ ಕಾಲಿರಲಿಲ್ಲ. ನನಗೆ ಸೋದ್ನೋಮನ ಸಾವಿಗಿಂತಲೂ ಆ ಖಾಲಿ ಬಟ್ಟಲನ್ನು ನೆನೆದರೆ ಹೆಚ್ಚು ಉರಿಯುತ್ತದೆ. ಹಾಗೆ ಹೇಳಬಾರದು, ಆದರೂ ಉರಿಯುತ್ತದೆ.

ಬಡಗಣ ಗುಡ್ಡದ ಮೇಲೆ ಮೋಡ ಕಪ್ಪಾಯಿತು. ಗಾಳಿ ನಿಂತಿತು. ಆಮೇಲೆ ಒಂದೇ ಸಲಕ್ಕೆ ಹುಯ್ದುಬಿಟ್ಟಿತು. ಕಿಟಕಿಗಳೆಲ್ಲ ಮುಚ್ಚಿಕೊಂಡವು. ಗಂಡಸರು ಬಿಡಾರದೊಳಗೆ ನುಗ್ಗಿದರು; ನೆತ್ತಿಬಳೆಯ ಮುಚ್ಚಳ ಎಳೆದರು. ಉಣ್ಣೆಯ ಮೇಲೆ ಮಳೆ ಬೀಳುವ ಸದ್ದಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ಕೇಳಿಸಿದ್ದು ಬೇರೆ. ಬಲಗಡೆಯ ಏಣಿನ ಮೇಲಿಂದ, ನಮ್ಮ ಓಣಿಯಿಂದ, ಹಲಗೆ ಮುರಿಯುವ ಸದ್ದು, ಹೆಂಗಸರ ಕೂಗು. ನೀರು ಮತ್ತೆ ಬಂದಿತ್ತು. ಗೋಡೆ ತೋರಿಸಿದ ದಾರಿಯಲ್ಲೇ ಬಂದಿತ್ತು. ಓಣಿಯಲ್ಲಿ ಉಳಿದಿದ್ದವರೆಲ್ಲ ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು, ಕಂತೆ ಕಟ್ಟಿಕೊಂಡು, ಬೆಟ್ಟದ ಜಾಗ ಬಿಟ್ಟು ಹಳ್ಳಕ್ಕೆ ಓಡಿ ಬಂದರು. ಅದಕ್ಕಿಂತ ತಲೆಕೆಳಗಾದ ಸಂಗತಿಯನ್ನು ನಾನು ಕಂಡಿಲ್ಲ. ಬಿಡಾರದೊಳಗೆ ಕಾಲಿಡಲು ಜಾಗವಿಲ್ಲದಂತಾಯಿತು. ಒಳಗಿನ ನೆಲ ಒಣಗಿಯೇ ಇತ್ತು.

ಆ ಜನರ ನಡುವೆ ತಲೆ ಬಗ್ಗಿಸಿಕೊಂಡು ಇನ್ನೊಬ್ಬ ಬಂದ. ಚೋಗ್‌ಸೋಮ್. ಎಬ್ಬಿಸಿ ಕಳಿಸಲೆಂದು ಮ್ಯಾನೇಜರಮ್ಮ ಫೋನ್ ಮಾಡಿ ಕರೆಸಿದ್ದಳು. ಅವನ ಹಿಂದೆಯೇ ಕೊಡೆ ಮಡಚಿಕೊಂಡು ಅವಳೂ ಬಂದಳು. ಇಬ್ಬರೂ ಮಳೆಗೆ ತೊಯ್ದು ತೊಪ್ಪೆಯಾಗಿದ್ದರು. ಯಾರೂ ಬೇಡವೆನ್ನಲಿಲ್ಲ. ಮಳೆಯಲ್ಲಿ ಬಾಗಿಲಿಗೆ ಬಂದವನನ್ನು ಹೊರಗೆ ನಿಲ್ಲಿಸುವ ಜನ ನಾವಲ್ಲ, ಬಂದವನು ಎಂಥವನೇ ಇರಲಿ.

“ಬಾ ಮಗಾ, ಕೂತ್ಕೋ,” ಎಂದಳು ಅಜ್ಜಿ. ಜನ ಜರುಗಿ ಜಾಗ ಮಾಡಿದರು. “ನೆಲಕ್ಕೆ ಕೈಯಿಡು.”

“ಅಜ್ಜಿ, ಮೊದಲು ಇಲ್ಲಿಂದ...”

“ಕೈಯಿಡು ಅಂದೆ.”

ಎಲ್ಲರೂ ನೋಡುತ್ತಿದ್ದರು. ಅವನು ಬಗ್ಗಿ ಕಂಬಳಿಯ ಅಂಚು ಸರಿಸಿ ಹುಲ್ಲಿಗೆ ಅಂಗೈ ಊರಿದ.

“ಹೆಂಗೈತೆ?”

“ಒಣಗಿದೆ.”

“ಆ ಸದ್ದು ಎಲ್ಲಿಂದ ಬರ್ತಾ ಐತೆ?”

ಮೇಲೆ ಓಣಿಯಲ್ಲಿ ಇನ್ನೊಂದು ಬೇಲಿ ಮುರಿದು ಬಿತ್ತು. ಯಾರದೋ ಮಗು ಅತ್ತಿತು.

“ಹಂಗಾದ್ರೆ ಹಳ್ಳ ಎಲ್ಲೈತೆ ಮಗಾ? ನೀನು ಓದಿದೋನು. ಇಷ್ಟು ಜನರ ಮುಂದೆ ಹೇಳು. ನಾನು ಎಲ್ಲಿ ಹೂಡಿದ್ದೆ? ಸೋದ್ನೋಮನ್ನ ಕೊಂದೋರು ಯಾರು?”

ಚೋಗ್‌ಸೋಮ್ ತನ್ನ ಬೂಟು ನೋಡಿಕೊಂಡ. ಪ್ಲಾಸ್ಟಿಕ್ ಚೀಲ ಹರಿದು ನೀರು ತುಂಬಿಕೊಂಡಿತ್ತು. “ಅದು... ಮೇಲಿನವರನ್ನ ಕೇಳ್ಬೇಕಾಗುತ್ತೆ,” ಎಂದ.

ಯಾರೂ ಬೈಯಲಿಲ್ಲ. ಯಾಂಜ್ಮಾ ಎದ್ದು ನಿಂತಳು. “ಗೊಂಬೋ, ಲಾರೀಲಿ ಸರಪಳಿ ಐತಾ?”

“ಐತೆ ಅಕ್ಕ. ಆ ಗೋಡೇಲಿ ಸಿಮೆಂಟಿಗಿಂತ ಮರಳೇ ಜಾಸ್ತಿ. ಕಟ್ಟೋವಾಗ ನಾನೇ ಸಾಗ್ಸಿದ್ದು.”

“ಏಯ್, ಗೋಡೆ ಮುಟ್ಟಿದ್ರೆ ಪೊಲೀಸರನ್ನ ಕರೀತೀನಿ!” ಮ್ಯಾನೇಜರಮ್ಮ ಚೀರಿದಳು. “ನೀರು ಇಲ್ಲಿಗೇ ಬರುತ್ತೆ! ಕೆಳಗೆ ಕಾರುಗಳಿವೆ ಕಣ್ರೀ!”

“ಮೇಲೆ ಮಕ್ಕಳಿದ್ರಲ್ಲಮ್ಮ,” ಎಂದಳು ಅಜ್ಜಿ. ದನಿ ಏರಿಸಲಿಲ್ಲ. “ಹೋಗು, ಕಾರು ತೆಗೆಸು. ನೆಲದಡಿ ಒಂದು ನರಪಿಳ್ಳೆ ಇರಬಾರ್ದು. ನನ್ ಮನೆ ಕೀಳೋಕೆ ಒಂದು ಚಹಾ ಕುಡಿಯೋ ಹೊತ್ತು ಸಾಕು. ಅಷ್ಟು ಹೊತ್ತು ನಿನಗೂ ಕೊಡ್ತೀನಿ. ನಮಗೆ ಯಾರೂ ಅಷ್ಟೂ ಕೊಡ್ಲಿಲ್ಲ.”

ಮ್ಯಾನೇಜರಮ್ಮ ಚೋಗ್‌ಸೋಮ್‌ನ ಮುಖ ನೋಡಿದಳು. ಅವನು ಫೋನನ್ನು ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದ. ಅವಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಓಡಿದಳು.

ತುಮೆನ್ ಆವರೆಗೂ ಬಾಗಿಲ ಬಳಿ ನಿಂತು ಆಚೆಯ ಗುಡ್ಡದತ್ತ, ತನ್ನ ಮನೆಯತ್ತ, ನೋಡುತ್ತಿದ್ದ. ಕಾವಲುಗಾರನ ಟೋಪಿ ತೆಗೆದು ಒಲೆಯ ಮೇಲಿಟ್ಟ. “ಶೆಡ್ಡಲ್ಲಿ ಸುತ್ತಿಗೆ ಅವೆ,” ಎಂದು ಹೇಳಿ ಮಳೆಗಿಳಿದ. ಗಂಡಸರೆಲ್ಲ ಅವನ ಹಿಂದೆ ಹೋದರು.

ಹೆಂಗಸರು ಬಿಡಾರ ಕಿತ್ತರು. ಹಗ್ಗ ಬಿಚ್ಚಿದರು, ಉಣ್ಣೆ ಸುತ್ತಿದರು, ಕೋಲುಗಳನ್ನು ಒಂದೊಂದಾಗಿ ಕಳಚಿ ಕಟ್ಟಿದರು. ಮಕ್ಕಳನ್ನೂ ಸಾಮಾನನ್ನೂ ಕಟ್ಟಡದ ಮೆಟ್ಟಿಲುಗಳ ಮೇಲೆ ಸಾಲಾಗಿ ಇರಿಸಿದರು. ಬಾಗಿಲು ಹಾಕಿಕೊಂಡಿದ್ದವರೂ ಈಗ ತೆಗೆದು ಮಕ್ಕಳನ್ನು ಒಳಗೆ ಕರೆದುಕೊಂಡರು. ನೆಲದಡಿಯಿಂದ ಕಾರುಗಳು ದೀಪ ಹಚ್ಚಿಕೊಂಡು, ಒಂದರ ಬೆನ್ನಿಗೊಂದು ಹಾರ್ನ್ ಬಾರಿಸುತ್ತಾ ಏರಿ ಬರುತ್ತಿದ್ದವು. ಅಜ್ಜಿ ಮಾತ್ರ ಏಳಲಿಲ್ಲ. ಬಿಡಾರವಿದ್ದ ಜಾಗದಲ್ಲೇ, ಪೆಟ್ಟಿಗೆಯ ಮೇಲೆ, ಬಟ್ಟಲು ಹಿಡಿದು ಕೂತಿದ್ದಳು. ಮಳೆ ಸಣ್ಣಗಾಗಿತ್ತು.

ಕಟ್ಟಡದಿಂದ ಹೆಂಗಸೊಬ್ಬಳು ಓಡೋಡಿ ಬಂದಳು. ಮನೆಯ ಅಂಗಿಯ ಮೇಲೆ ಕೋಟು, ಕಂಕುಳಲ್ಲಿ ಫ್ಲಾಸ್ಕು. ಅಜ್ಜಿಯ ಎದುರು ಮೊಣಕಾಲೂರಿದಳು.

“ಮಧ್ಯಾಹ್ನವೇ ಕಾಸಿಟ್ಟಿದ್ದೆ ಚಿಕ್ಕಮ್ಮ,” ಎಂದಳು. “ಇಳಿದು ಬರೋಕೆ ಧೈರ್ಯ ಬರ್ಲಿಲ್ಲ.”

ಅಜ್ಜಿ ಅವಳ ಮುಖವನ್ನೊಮ್ಮೆ ನೋಡಿದಳು. ಪರವಾಗಿಲ್ಲ ಎನ್ನಲಿಲ್ಲ. ಬಲಗೈಯಲ್ಲಿ ಬಟ್ಟಲು ಮುಂದೆ ಹಿಡಿದಳು. ಉಪ್ಪು ಹಾಕಿದ ಹಾಲಿನ ಚಹಾ, ಇನ್ನೂ ಹಬೆಯಾಡುತ್ತಿತ್ತು.

ಮೇಲೆ ಕೊರಳಲ್ಲಿ ಲಾರಿಯ ಇಂಜಿನ್ ಒಮ್ಮೆ ಗೊರಗುಟ್ಟಿತು. ಏನೋ ಕುಸಿದ ಸದ್ದಾಯಿತು. ಆಮೇಲೆ ನಮ್ಮ ಓಣಿಯ ಕಡೆಯ ಮೊರೆತ ಸ್ವಲ್ಪ ಸ್ವಲ್ಪವೇ ಇಳಿಯಿತು.

“ಎದ್ದೇಳಿ ಅತ್ತೆ,” ಎಂದಳು ಯಾಂಜ್ಮಾ, ಅಜ್ಜಿಯ ತೋಳಿಗೆ ಕೈಹಾಕಿ.

“ಒಂದ್ ಗಳಿಗೆ ಇರೇ.”

ಹುಲ್ಲುಹಾಸಿನ ಮೇಲ್ತುದಿಯಲ್ಲಿ ಕಂದು ಬಣ್ಣದ ನೀರಿನ ಎಳೆಯೊಂದು ಕಾಣಿಸಿತು. ಹೊಸ ಹುಲ್ಲಿನ ಚೂರುಗಳನ್ನು ಮುಂದೆ ತಳ್ಳಿಕೊಂಡು ಇಳಿಯಿತು. ಜಾರುಬಂಡಿಯ ಕಾಲನ್ನು ಬಳಸಿ, ಮತ್ತೆ ಕೂಡಿಕೊಂಡು, ಅಜ್ಜಿಯ ಬೂಟಿನ ತುದಿಗೆ ಬಂದು ತಾಗಿತು. ಅವಳು ಬಟ್ಟಲು ಬಗ್ಗಿಸಿ, ನೆಲಕ್ಕೆ ಸಲ್ಲಬೇಕಾದ ಮೊದಲ ಗುಟುಕನ್ನು ಅದರೊಳಗೆ ಸುರಿದಳು. ಉಳಿದದ್ದನ್ನು ಬಾಯಿಗಿಟ್ಟು, ಊದಿ ಊದಿ ಕುಡಿಯತೊಡಗಿದಳು.